ಒಲೀಟಾಳ ಕೈರುಚಿ

ಒಲೀಟಾ ಸ್ಕ್ರಾಗಿನ್ಸ್ ಸ್ವರ್ಗಕ್ಕೆ ಹೋದಳೆಂಬುದರಲ್ಲಿ ಅಲಬಾಮಾದ ಟಿಲ್‌ಮನ್ ಊರಿನ ಬ್ಯಾಪ್ಟಿಸ್ಟರಿಗೆ ಯಾವ ಅನುಮಾನವೂ ಇರಲಿಲ್ಲ. ಅದು ದೇವರಿಗೆ ಬಿಟ್ಟ ಸಣ್ಣ ವಿಷಯ. ಮನುಷ್ಯರು ಇತ್ಯರ್ಥ ಮಾಡಬೇಕಾದ ಗುರುತರ ಪ್ರಶ್ನೆ ಬೇರೆಯಿತ್ತು: ಮಣ್ಣು ಮಾಡುವ ದಿನದ ಬೆಳಗ್ಗೆ, ದೂರದಿಂದ ಬಂದವರ ತಿಂಡಿಗೆ, ಬಿಸ್ಕಿಟ್ ಮಾಡುವವರು ಯಾರು?

ಬಿಸ್ಕಿಟ್ ಎಂದರೆ ಟೀಯಲ್ಲಿ ಅದ್ದುವ ಒಣಕಲಲ್ಲ. ಮಜ್ಜಿಗೆಯಲ್ಲಿ ಕಲಸಿ ಬೇಯಿಸಿ, ಬಿಸಿಬಿಸಿಯಾಗಿ ಮುರಿದರೆ ಎಸಳೆಸಳಾಗಿ ಬಿಡಬೇಕು. ಆ ಸೀಮೆಯ ಹೆಂಗಸಿನ ಮಾನ ಅದು ಉಬ್ಬುವ ಎತ್ತರದಲ್ಲಿದೆ. ಆದ್ದರಿಂದ ಒಲೀಟಾಳ ಗೆಳತಿ ವಾನ್‌ಸೀಲ್ ಥಾರ್ಪ್ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು, ಸತ್ತವಳ ಅಡುಗೆಮನೆಯಲ್ಲಿ, ಸತ್ತವಳ ಏಪ್ರನ್ ಕಟ್ಟಿಕೊಂಡು ಬೆವರುತ್ತಿದ್ದಳು.

"ನಿಧಾನಕ್ಕೆ ಮಾಡು," ಎಂದಳು ಮೇಜಿನ ತಲೆಯಲ್ಲಿ ಕೂತ ಪಕ್ಕದ ಮನೆಯ ಐಡಾಬೆಲ್. ಚರ್ಚಿನ ಅಡುಗೆಮನೆಯ ಬೀಗದ ಕೈ ಅವಳ ಬಳಿಯಿತ್ತು. ಎಷ್ಟೋ ಪಾದ್ರಿಗಳು ಬಂದು ಹೋದರೂ ಬೀಗದ ಕೈ ಮಾತ್ರ ಕದಲಿರಲಿಲ್ಲ. "ಚರ್ಚು ಹನ್ನೊಂದಕ್ಕೆ. ಹೆಣಕ್ಕೇನೂ ಅವಸರ ಇಲ್ಲ."

"ಈ ಒಲೆ ನಂಗೆ ಅಷ್ಟು ರೂಢಿ ಇಲ್ಲ."

"ಅಯ್ಯೋ, ಇದ್ರಲ್ಲೇ ತಾನೇ ಒಲೀಟಾ ನಿಂಗೆ ಕಲಿಸಿದ್ದು? ನಿಂಗೊಬ್ಳಿಗೇ ಕಲಿಸಿದ್ದು ಅಂತ ಮಾಂಟ್‌ಗೊಮರಿ ತುಂಬ ಹೇಳ್ಕೊಂಡ್ ಬಂದಿದೀಯಂತೆ." ಐಡಾಬೆಲ್ ಎದ್ದು ಲಂಗ ಕೊಡವಿಕೊಂಡಳು. "ನೋಡು, ಆಪ್ತಗೆಳತಿ ಅಂತ ಚರ್ಚಲ್ಲಿ ಎದ್ದು ಮಾತಾಡೋಳು ಒಬ್ಳೇ. ಪಾದ್ರಿ ನನ್ನನ್ನ ಕೇಳಿದ್ರು. ಮೊದ್ಲು ವಾನ್‌ಸೀಲ್ ಬಿಸ್ಕಿಟ್ ಮಾಡ್ಲಿ, ಆಮೇಲೆ ಹೇಳ್ತೀನಿ ಅಂದೆ. ಉಬ್ಬಿದ್ರೆ ನೀನು ಮಾತಾಡು. ಇಲ್ದಿದ್ರೆ ನಾನು."

ಅವಳು ಹೂ ತಂದವರನ್ನು ಗದರಲು ಮುಂದಿನ ಕೋಣೆಗೆ ಹೋದಳು. ಮೂಲೆಯಲ್ಲಿ ಕಾಫಿ ಊದುತ್ತಿದ್ದ ಇನ್ನೊಬ್ಬ ಗೆಳತಿ ಅರ್ಲೀನ್ ತಲೆಯೆತ್ತಿದಳು.

"ನಿಜವಾಗ್ಲೂ ಕಲಿಸಿದ್ಲೇನೇ?"

"ಕಾಫಿ ಕುಡಿ, ಅರ್ಲೀನ್."

*

ಒಲೀಟಾ ಸೇರಿ ಮೂವರೂ ಟಿಲ್‌ಮನ್ನಿನ ಶಾಲೆಯಲ್ಲಿ ಒಂದೇ ಬೆಂಚಿನವರು. ವಾನ್‌ಸೀಲ್, ಅರ್ಲೀನ್ ಇಬ್ಬರೂ ವಿಮೆ ಮಾರುವವರನ್ನು ಕಟ್ಟಿಕೊಂಡು ಮಾಂಟ್‌ಗೊಮರಿ ಪಟ್ಟಣ ಸೇರಿದರು. ಒಲೀಟಾ ಅದೇ ಶಾಲೆಯ ಊಟದ ಮನೆಗೆ ಅಡುಗೆಯವಳಾಗಿ ಸೇರಿದಳು. "ಬಡ್ತಿ ಅಂದ್ರೆ ಇದಪ್ಪ, ಬೆಂಚಿಂದ ಒಲೆಗೆ," ಎಂದು ವಾನ್‌ಸೀಲ್ ಪ್ರತಿ ಅಕ್ಟೋಬರಿನಲ್ಲಿ ಅರ್ಲೀನ್ ಜೊತೆ ಒಲೀಟಾಳ ಮನೆಗೆ ಕಾರು ಓಡಿಸಿಕೊಂಡು ಬರುವಾಗ ನಗುತ್ತಿದ್ದಳು. ಊರ ಗಡಿಯಲ್ಲಿ ನಗು ನಿಲ್ಲಿಸಿ ತುಟಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು.

ಬೆಳಗ್ಗೆ ಅತಿಥಿಗಳಿಬ್ಬರೂ ಕೌದಿಯೊಳಗಿಂದಲೇ ಅಡುಗೆಮನೆಯ ಸಂಗೀತ ಕೇಳುವರು: ಹಿಟ್ಟಿನ ಜರಡಿಯ ಗರಗರ, ಆಮೇಲೆ ಒಂದು ಧಬ್, ಇನ್ನೊಂದು ಧಬ್.

"ಕೇಳೇ, ಹಿಟ್ಟು ಕುಕ್ತಾ ಇದಾಳೆ. ನಮ್ ಕೈಲಾಗುತ್ತಾ?"

"ನಮಗ್ಯಾಕೆ ಆಗ್ಬೇಕು?" ಎಂದು ವಾನ್‌ಸೀಲ್ ಮಗ್ಗುಲು ಬದಲಿಸುವಳು.

ಮೇಜಿನ ಮೇಲೆ ಬೆಣ್ಣೆ ತೇಲುವ ಮೆಕ್ಕೆಜೋಳದ ನುಚ್ಚು, ಉಪ್ಪಲ್ಲಿಟ್ಟ ಹಂದಿತೊಡೆಯ ಹುರಿದ ಹೋಳು, ಆ ಬಾಣಲೆಯ ಜಿಡ್ಡಿಗೇ ಕಪ್ಪು ಕಾಫಿ ಸುರಿದು ಕುದಿಸಿದ ಸಾರು, ಮೊಟ್ಟೆ, ಅಂಜೂರದ ಜಾಮು. ನಡುವೆ ಬಟ್ಟೆ ಮುಚ್ಚಿದ ಬಿಸ್ಕಿಟ್. ಒಲೀಟಾ ಮಾತ್ರ ಕೂರುತ್ತಿರಲಿಲ್ಲ. ಎರಡೂ ಕೈಯನ್ನು ಏಪ್ರನ್ ಜೇಬಿಗೆ ತುರುಕಿ, ಒಲೆಗೆ ಒರಗಿ ನಿಂತು, "ಇನ್ನೊಂದು ಹಾಕ್ಕೊಳ್ರೇ," ಎನ್ನುವಳು.

"ಕೈಯೆತ್ತಿ ಬಡಿಸೋಕೂ ಸೋಮಾರಿತನ," ಎಂದು ವಾನ್‌ಸೀಲ್ ವಾಪಸು ಹೋಗುವಾಗ ಕಾರಿನಲ್ಲಿ ತೀರ್ಪು ಕೊಡುತ್ತಿದ್ದಳು. "ಆ ಬಿಸ್ಕಿಟ್ಟೊಂದು ಬಿಟ್ರೆ ಪಾಪ ಅವಳಿಗಿನ್ನೇನಿದೆ?"

ಒಮ್ಮೆ ಕೇಳಿದ್ದುಂಟು: "ಹೆಂಗೆ ಮಾಡ್ತೀಯೇ ಇದನ್ನ?"

"ಏನಿಲ್ಲ. ಹೆಚ್ಚು ಮುಟ್ಟಬಾರದು ಅಷ್ಟೇ."

ಪಾಠ ಇಷ್ಟೇ. ಮಾಂಟ್‌ಗೊಮರಿಯ ಇಸ್ಪೀಟು ಗೆಳತಿಯರ ನಡುವೆ ಅದು ವರ್ಷದಿಂದ ವರ್ಷಕ್ಕೆ ಉಬ್ಬಿ, ಗುರುವಿನಿಂದ ಶಿಷ್ಯೆಗೆ ಬಂದ ವಿದ್ಯೆಯಾಗಿತ್ತು.

*

ಒಲೆಯಿಂದ ಹೊರಬಂದದ್ದನ್ನು ವಾನ್‌ಸೀಲ್ ತಟ್ಟೆಗೆ ಸುರಿದಾಗ ತಟ್ಟೆಯೇ ಬೆಚ್ಚಿತು. ಬಾಗಿಲಲ್ಲಿ ಒಲೀಟಾಳ ಮಗಳು ಟ್ವೈಲಾ, ಕಪ್ಪು ಬಟ್ಟೆಯುಟ್ಟು, ಒಂದೇ ಕಿವಿಗೆ ಓಲೆ ಹಾಕಿಕೊಂಡು ನಿಂತಿದ್ದಳು.

"ಸಮಾಧಿಗೆ ಕಲ್ಲು ಆಗ್ಲೇ ಹೇಳಿಯಾಗಿದೆ, ಮಿಸ್ ವಾನ್‌ಸೀಲ್."

"ಒಲೆ ಸರಿಯಿಲ್ಲ, ಚಿನ್ನಾ."

"ಹೌದು, ಕುಣಿಯೋಕೆ ಬರದೋಳಿಗೆ ನೆಲ ಡೊಂಕು."

ಟ್ವೈಲಾ ಹಿಂದಿನ ಜಗಲಿಯ ಫ್ರಿಜ್ಜಿನಿಂದ ರಟ್ಟಿನ ಕೊಳವೆಯೊಂದನ್ನು ತಂದಳು. ಕಾಗದ ಸುಲಿದು, ಕಟ್ಟೆಯ ಅಂಚಿಗೆ ಬೀಸಿ ಹೊಡೆದಳು. ಧಬ್. ಕೊಳವೆ ಬಿರಿದು, ಕಲಸಿ ಕತ್ತರಿಸಿ ಬೇಯಿಸುವುದಷ್ಟೇ ಬಾಕಿಯಿದ್ದ ಬಿಳಿಯ ಹಿಟ್ಟಿನ ಬಿಲ್ಲೆಗಳು ಇಣುಕಿದವು.

ವಾನ್‌ಸೀಲಳಿಗೆ ಆ ಸದ್ದು ಚೆನ್ನಾಗಿ ಗೊತ್ತಿತ್ತು.

"ಅಂಗಡೀದು?"

"ನನ್ನ ಮದುವೆ ಆದಾಗಿಂದ್ಲೂ ಅಂಗಡೀದೇ."

"ಮತ್ತೆ ಜರಡಿ? ದಿನಾ ಕೇಳ್ತಿತ್ತಲ್ಲ!"

"ಖಾಲಿ ಜರಡಿ. ಕಂಕುಳಲ್ಲಿ ಅದುಮಿ ಹಿಡ್ಕೊಂಡು ಅದರ ಹಿಡಿ ತಿರುಗಿಸೋಳು. ಸದ್ದು ಕೇಳ್ದಿದ್ರೆ ಪಟ್ಟಣದೋರಿಗೆ ಹಸಿವಾಗಲ್ಲ ಅಂತಿದ್ಲು. ನೀವು ಹೋದ್ಮೇಲೆ ಬಿದ್ದು ಬಿದ್ದು ನಗೋಳು." ಟ್ವೈಲಾ ನಗಲಿಲ್ಲ. "ಶಾಲೇಲಿ ನಾದಿ ನಾದಿ ಮಣಿಕಟ್ಟು ಹೋಗಿತ್ತು. ಬೆರಳು ಮಡಿಚಿದ್ದು ಬಿಚ್ತಾನೇ ಇರ್ಲಿಲ್ಲ. ಅಂಗಿ ಗುಂಡಿ ನಾನು ಬಂದು ಹಾಕ್ತಿದ್ದೆ. ನೀವು ನೋಡಿರ್ಬೇಕಲ್ಲ?"

ವಾನ್‌ಸೀಲ್ ನೋಡಿರಲಿಲ್ಲ. ತಿನ್ನುವಾಗ ಅವಳು ತಟ್ಟೆ ಬಿಟ್ಟು ಬೇರೇನೂ ನೋಡುವವಳಲ್ಲ.

"ನಂಗೊಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ಬರ್ತಿದ್ರಾ?"

ಮುಂದಿನ ಕೋಣೆಯಿಂದ ಐಡಾಬೆಲ್ಲಳ ಧ್ವನಿ ಹತ್ತಿರವಾಗುತ್ತಿತ್ತು. ವಾನ್‌ಸೀಲ್ ಯೋಚಿಸಿದಳು. ನಾಚಿಕೆಯ ಬಗ್ಗೆಯಲ್ಲ, ಅದಕ್ಕೆ ಪುರುಸೊತ್ತಿರಲಿಲ್ಲ. ಈ ಹುಡುಗಿ ಬಾಯಿಬಿಟ್ಟರೆ ಅವಳ ತಾಯಿಯ ಬಣ್ಣವೂ ಬಯಲಾಗುತ್ತದೆ, ಆದ್ದರಿಂದ ಬಿಡಲಾರಳು ಎಂಬ ಲೆಕ್ಕ ಬೇಗನೆ ಮುಗಿಯಿತು. ಕಲ್ಲುಗಳನ್ನು ಕಸದ ಡಬ್ಬಿಗೆ ಸುರಿದು, ಮೇಲೆ ಹಳೆಯ ಪತ್ರಿಕೆ ಮುಚ್ಚಿದಳು.

"ಇಂಥವು ಇನ್ನೂ ಎಷ್ಟಿವೆ?"

ಟ್ವೈಲಾ ಅವಳ ಮುಖವನ್ನೇ ನೋಡಿದಳು. "ಅಮ್ಮ ನಿಮ್ಮನ್ನ ಸರಿಯಾಗೇ ಅಳೆದಿದ್ಲು," ಎಂದು ಉಳಿದ ಕೊಳವೆಗಳನ್ನೆಲ್ಲ ತಂದು ಕಟ್ಟೆಯ ಮೇಲಿಟ್ಟು, ಇನ್ನೊಂದು ಓಲೆ ಹುಡುಕಲು ಹೋದಳು.

*

ಐಡಾಬೆಲ್ ಬಿಸ್ಕಿಟ್ ಮುರಿದಳು. ಎಸಳೆಸಳಾಗಿ ಬಿಟ್ಟಿತು, ಹಬೆ ಎದ್ದಿತು. ಕಣ್ಣು ಮುಚ್ಚಿ ಅಗಿದಳು. ಮೇಜಿನ ಸುತ್ತ ಯಾರೂ ಚಮಚ ಆಡಿಸಲಿಲ್ಲ.

"ಒಲೀಟಾ ಕೈಯೇ," ಎಂದಳು ಕೊನೆಗೆ, ಜಮೀನಿನ ವ್ಯಾಜ್ಯ ಸೋತವಳಂತೆ. "ಒಂದು ಕೂದಲಷ್ಟೂ ಆಚೀಚೆ ಇಲ್ಲ."

ಆಚೀಚೆ ಆಗುವ ಸಂಭವವೂ ಇರಲಿಲ್ಲ.

ಅರ್ಲೀನ್ ಗೊಳೋ ಎಂದು ಅತ್ತಳು. ಅಳುತ್ತಲೇ ಎರಡನೆಯದಕ್ಕೆ ಜಾಮು ಸವರಿದಳು. "ಯಾವಾಗ ಕಲಿಸಿದ್ಲೇ ನಿಂಗೆ? ನಾನೂ ಜೊತೇಲೇ ಇರ್ತಿದ್ನಲ್ಲ!"

"ನೀನು ಗೊರಕೆ ಹೊಡೀತಾ ಇದ್ದಾಗ," ಎಂದಳು ವಾನ್‌ಸೀಲ್.

ಟ್ವೈಲಾ ನುಚ್ಚಿನಿಂದ ತಲೆಯೆತ್ತಲಿಲ್ಲ.

"ಸರಿ, ನೀನೇ ಮಾತಾಡು," ಎಂದಳು ಐಡಾಬೆಲ್. "ಗಂಟಲು ಸರಿಮಾಡ್ಕೊ. ಹಿಂದಿನ ಬೆಂಚಿಗೂ ಕೇಳ್ಬೇಕು."

*

ಚರ್ಚಿನಲ್ಲಿ ಪೆಟ್ಟಿಗೆ ತೆರೆದಿಟ್ಟಿದ್ದರು. ಶವ ಸಿಂಗರಿಸುವವನು ಕೂದಲು, ತುಟಿ, ಕೆನ್ನೆ ಎಲ್ಲವನ್ನೂ ತನ್ನ ದಾರಿಗೆ ತಂದುಕೊಂಡಿದ್ದ. ಕೈ ಮಾತ್ರ ಅವನ ಮಾತು ಕೇಳಿರಲಿಲ್ಲ. ಎದೆಯ ಮೇಲೆ ಸೌಮ್ಯವಾಗಿ ಜೋಡಿಸಬೇಕಾದ ಬೆರಳುಗಳು ಒಳಕ್ಕೆ ಮುದುಡಿ, ಗಂಟುಗಂಟಾಗಿ, ಸತ್ತ ಹಕ್ಕಿಯ ಕಾಲಿನಂತಿದ್ದವು. ಮೇಲೆ ಬಿಳಿ ಲಿಲ್ಲಿ ಹೂಗಳ ಗೊಂಚಲಿಟ್ಟು ಮರೆಮಾಡಿದ್ದ. ಗೊಂಚಲು ಪಕ್ಕಕ್ಕೆ ಜಾರಿತ್ತು.

ಪಾದ್ರಿ ಹೆಸರು ಕರೆದಾಗ ಎದ್ದ ವಾನ್‌ಸೀಲ್ ಪೆಟ್ಟಿಗೆಯ ಬಳಿ ನಿಂತಳು. ಆ ಕೈಗಳನ್ನು ನೋಡಿದಳು. ಸುಮಾರು ಹೊತ್ತು ನೋಡಿದಳು. ಆಮೇಲೆ ಬಾಗಿ, ಲಿಲ್ಲಿಗಳನ್ನು ಸರಿಸಿ, ಬೆರಳ ತುದಿಯೂ ಕಾಣದಂತೆ ನೀಟಾಗಿ ಮುಚ್ಚಿದಳು. ಬೆಂಚುಗಳಲ್ಲಿ ಕರವಸ್ತ್ರಗಳು ಹೊರಬಂದವು.

ಅವಳು ವೇದಿಕೆ ಹತ್ತಿ ಒಲೀಟಾಳ ಕೈಗಳ ಬಗ್ಗೆ ಮಾತಾಡಿದಳು. ಬಹಳ ಚೆನ್ನಾಗಿ ಮಾತಾಡಿದಳು ಎಂದು ಎಲ್ಲರೂ ಹೇಳಿದರು.