ನಾಲ್ಕನೆಯ ಗೊರಸು

ಲಾಯದ ಬಾಗಿಲ ಪಕ್ಕದ ಕರಿಹಲಗೆಯಲ್ಲಿ ಪ್ರತಿ ಕುದುರೆಯ ಹೆಸರಿನ ಮುಂದೆ ದಿನವೂ ನಾಲ್ಕು ಗೀಟು ಬೀಳಬೇಕು. ಒಂದು ಗೊರಸು ಕೆರೆದು ತೊಳೆದರೆ ಒಂದು ಗೀಟು. ಶಾಲೆಯಿಂದ ಬರುವ ಮಕ್ಕಳಿಗೆ ಲಾಯದ ಮೇಷ್ಟ್ರು ಸವಾರಿಗಿಂತ ಮೊದಲು ಕಲಿಸಿದ್ದು ಇದನ್ನೇ.

ಆ ಮಕ್ಕಳಲ್ಲಿ ಒಬ್ಬಳಿಗೆ ‘ಅವಸರ’ ಎಂದೇ ಅಡ್ಡಹೆಸರು. ಊಟ, ಓದು, ಮಾತು, ಯಾವುದಕ್ಕೂ ಅವಳಿಗೆ ಪುರುಸೊತ್ತಿಲ್ಲ. ಅವಳ ಪಾಲಿಗೆ ಬಂದದ್ದು ಲಾಯದಲ್ಲೇ ವಯಸ್ಸಾದ ಕಂದು ಕುದುರೆ. ಅದನ್ನು ಎಲ್ಲರೂ ‘ಅಜ್ಜಿ’ ಎನ್ನುತ್ತಿದ್ದರು. ನಿನ್ನೆ ಅಜ್ಜಿ ಮೂರು ಕಾಲು ಕೊಟ್ಟು, ಎಡ ಮುಂಗಾಲು ಎತ್ತಲು ಸುತಾರಾಂ ಒಪ್ಪಲಿಲ್ಲ. ಹುಡುಗಿ ಎರಡು ಸಲ ತಟ್ಟಿ ನೋಡಿ, ನಾಲ್ಕನೆಯ ಗೀಟನ್ನೂ ಎಳೆದು ಓಡಿದ್ದಳು.

ಇವತ್ತು ಮನೆಯವರ ಮುಂದೆ ಸವಾರಿ. ಬಸ್ ಚಾಲಕನಾದ ಅಪ್ಪ ಪಾಳಿ ಬದಲಿಸಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ. ಹುಡುಗಿ ಜೀನು ಬಿಗಿದು ಅಜ್ಜಿಯನ್ನು ಹೊರಗೆ ನಡೆಸಿದಳು. ಎಡ ಮುಂಗಾಲು ನೆಲಕ್ಕೆ ತಾಗಿದಾಗಲೆಲ್ಲ ಕುದುರೆ ತಲೆ ಮೇಲಕ್ಕೆತ್ತುತ್ತಿತ್ತು. ಅವಳು ಬಗ್ಗಿ ಆ ಗೊರಸಿನ ಮೇಲೆ ಅಂಗೈ ಇಟ್ಟಳು. ಬಿಸಿಯಾಗಿತ್ತು.

“ಯಾಕಮ್ಮ ನಿಂತೆ?” ಬೇಲಿಯಾಚೆಯಿಂದ ಅಪ್ಪ ಕೇಳಿದ.

“ಅಜ್ಜಿಗೆ ಕಾಲು ನೋವು, ಅಪ್ಪ.”

“ಅಷ್ಟು ನೋವಿದ್ರೆ ನಡೀತಿತ್ತಾ? ಒಂದೇ ಒಂದು ಸುತ್ತು ಹಾಕಿಬಿಡು ಪುಟ್ಟಿ. ನಿನ್ನ ನೋಡೋಕಂತಲೇ ಬಂದಿದ್ದೀನಿ.”

ಅವಳ ಕಣ್ಣು ತುಂಬಿತು. ಮೂರು ತಿಂಗಳಿಂದ ಅವಳು ಕಾದಿದ್ದೂ ಈ ಒಂದು ಸುತ್ತಿಗಾಗಿಯೇ. ಸುಮ್ಮನೆ ಹತ್ತಿದರೆ ಯಾರೂ ಕೇಳುತ್ತಿರಲಿಲ್ಲ. ಹಲಗೆಯಲ್ಲಿ ನಿನ್ನೆಯ ನಾಲ್ಕು ಗೀಟು ಇದ್ದೇ ಇದ್ದವು.

“ಬ್ರೇಕ್ ಸರಿಯಿಲ್ಲ ಅಂತ ಗೊತ್ತಿದ್ರೆ ನೀನು ಬಸ್ ತೆಗೀತೀಯಾ?” ಎಂದಳು.

ಅಪ್ಪ ಬೇಲಿ ದಾಟಿ ಬಂದು ಲಗಾಮು ಹಿಡಿದುಕೊಂಡ.

ಅವಳು ನೇರವಾಗಿ ಮೇಷ್ಟ್ರ ಹತ್ತಿರ ಹೋದಳು. “ನಿನ್ನೆ ಅಜ್ಜಿ ಹಟ ಮಾಡಿ ಒಂದು ಕಾಲು ಕೊಡಲಿಲ್ಲ, ಆ ಗೊರಸು ನಾನು ನೋಡಲೇ ಇಲ್ಲ. ಸುಳ್ಳು ಗೀಟು ಹಾಕಿದೆ, ಮೇಷ್ಟ್ರೇ.”

ಮೇಷ್ಟ್ರು ಬೈಯಲಿಲ್ಲ. ಗೊರಸು ಕೆರೆಯುವ ಕೊಕ್ಕೆಯನ್ನು ಅವಳ ಕೈಗೇ ಕೊಟ್ಟರು. “ಅಜ್ಜಿ ಹಟ ಮಾಡಿದ್ದಲ್ಲ ಕಣಮ್ಮ, ನೋವಿದೆ ಅಂತ ಹೇಳಿದ್ದು. ಈಗ ಅವಳಾಗೇ ಕಾಲು ಕೊಡೋ ತನಕ ಕಾಯ್ತಾ ಇರು.”

ಹುಡುಗಿ ಕುದುರೆಗೆ ಹೆಗಲೊರಗಿಸಿ ನಿಂತಳು. ಹುಟ್ಟಿದಾಗಿನಿಂದ ಅವಳು ಒಂದು ಕಡೆ ಅಷ್ಟು ಹೊತ್ತು ನಿಂತವಳಲ್ಲ. ಕೊನೆಗೆ ಅಜ್ಜಿ ತಾನಾಗಿ ಕಾಲೆತ್ತಿತು. ಗೊರಸಿನ ಸಂದಿಯಲ್ಲಿ ಹೆಬ್ಬೆರಳ ಉಗುರಿನಷ್ಟು ದೊಡ್ಡ ಕಲ್ಲು ಸಿಕ್ಕಿಕೊಂಡಿತ್ತು. ಕೊಕ್ಕೆಯಿಂದ ಅದನ್ನು ಮೆಲ್ಲಗೆ ಎಬ್ಬಿಸಿ ತೆಗೆದಳು.

ಮಿಕ್ಕ ಮಕ್ಕಳು ಸುತ್ತು ಹಾಕುವಾಗ ಅವಳು ಆ ಕಾಲನ್ನು ತಣ್ಣೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟು ಕೂತಿದ್ದಳು. ಲಗಾಮು ಹಿಡಿದು ನಿಂತವನು ಅಪ್ಪ. ಬಿಳಿ ಅಂಗಿಯ ತೋಳೆಲ್ಲ ಅಜ್ಜಿಯ ಜೊಲ್ಲು.

“ನಿಮ್ಮ ಮಗಳು ಸವಾರಿ ಮಾಡ್ಲಿಲ್ವಾ?” ಪಕ್ಕದಲ್ಲಿದ್ದ ಒಬ್ಬ ತಾಯಿ ಕೇಳಿದರು.

“ಇಲ್ಲಮ್ಮ, ಕುದುರೆಗೆ ಕಾಲು ನೋವು. ಕಂಡುಹಿಡಿದು ನಿಲ್ಲಿಸಿದ್ದು ನಮ್ಮವಳೇ!” ಅಪ್ಪ ಎದೆಯುಬ್ಬಿಸಿ ಹೇಳಿದ.

“ನಿನ್ನೆ ನೋಡದೆ ಬಿಟ್ಟವಳೂ ನಾನೇ,” ಎಂದಳು ಮಗಳು, ತಲೆ ತಗ್ಗಿಸದೆ.

“ಅದನ್ನೂ ಹೇಳೋನಿದ್ದೆ, ತಡಿ,” ಎಂದು ಅಪ್ಪ ಅವಳ ತಲೆ ಸವರಿದ. “ಎಲ್ಲದಕ್ಕೂ ಅವಸರ ಇವಳಿಗೆ.”