ತೊಟ್ಟಿಲೇರಿದ ಸಾಣೆಯವನು

ಮಾತನ್ನು ಚಿನ್ನಕ್ಕಿಂತ ಜೋಪಾನ ಮಾಡುವ ಒಂದು ಊರಿತ್ತು. ಹೊರಗಿನಿಂದ ಬಂದು ನೆಲೆಸುವವರ ನಾಲಿಗೆಯ ಕೆಳಗೆ ಅಲ್ಲಿನ ಪಂಡಿತರು ಒಂದು ಹುಣಸೆ ಬೀಜ ಇಡುತ್ತಿದ್ದರು. ಊರಿನ ಭಾಷೆಯನ್ನು ಮನಸ್ಸಿನಲ್ಲೇ ಮಾಗಿಸಿಕೊಂಡು, ಒಂದು ತಪ್ಪೂ ಇಲ್ಲದೆ ಪಂಡಿತರ ಮುಂದೆ ಮಾತಾಡಿದ ದಿನ ಆ ಬೀಜ ಉಗಿಯಬಹುದು. ಅದಕ್ಕೆ ಮೊದಲೇ ಬಾಯಿ ಬಿಟ್ಟರೆ ಊರಿನ ಎಳೆಮಕ್ಕಳ ಕಿವಿ ಕೆಡುತ್ತದೆಂದು ನಂಬಿಕೆ. ಬೀಜ ಉಗಿದವರನ್ನು ಕಂಡವರು ಯಾರೂ ಇರಲಿಲ್ಲ. ನಮ್ಮ ಪದ್ಧತಿ ಎಷ್ಟು ಕಟ್ಟುನಿಟ್ಟು ನೋಡಿ ಎಂದು ಅದಕ್ಕೂ ಹೆಮ್ಮೆ ಪಡುತ್ತಿದ್ದರು.

ಕತ್ತಿ, ಕುಡುಗೋಲು, ಈಳಿಗೆಮಣೆಗಳಿಗೆ ಸಾಣೆ ಹಿಡಿಯುತ್ತ ಊರೂರು ಸುತ್ತುತ್ತಿದ್ದವನೊಬ್ಬ ಅಲ್ಲಿಗೆ ಬಂದು ನಿಂತ. ಬೀಜ ಇಟ್ಟುಕೊಂಡು ಸುಮ್ಮನೆ ಚಕ್ರ ತಿರುಗಿಸಿದ. ಎದುರಾಡದ ಗಂಡು ಸಿಗುವುದು ಅಪರೂಪವೆಂದು ಸಂಕಮ್ಮ ಎಂಬಾಕೆ ಮಗಳನ್ನೇ ಕೊಟ್ಟಳು. ಒಂದು ಹೆಣ್ಣು ಮಗುವಾಯಿತು. ಬೀಜ ಚುಚ್ಚತೊಡಗಿದ್ದು ಆಮೇಲೆ. ಮಗುವನ್ನು ಎತ್ತಿಕೊಂಡಾಗಲೆಲ್ಲ ಮಾತು ಉಕ್ಕಿ ಬಂದು ಹಲ್ಲಿನ ಹಿಂದೆ ನಿಂತುಬಿಡುತ್ತಿತ್ತು. ತನ್ನ ದನಿ ಕೇಳದೆಯೇ ಇವಳು ದೊಡ್ಡವಳಾಗಿಬಿಡುತ್ತಾಳಲ್ಲ ಎಂದು ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಮಗು ತೊದಲತೊಡಗಿತು. ಬೆಕ್ಕಿಗೂ "ಬೌ", ಚಂದಿರನಿಗೂ "ಬೌ", ಸಂಕಮ್ಮನಿಗೂ "ಬೌ". ಎಂಥ ತಪ್ಪು! ಸಾಣೆಯವನು ಹೆದರಿ ಬಾಗಿಲ ಕಡೆ ನೋಡಿದ. ಪಂಡಿತರು ಬಂದೇ ಬಂದರು. ಮುಖ ಮುಂದೆ ಚಾಚಿ, "ಎಲ್ಲಿ, ನನಗೂ ಒಂದು ಬೌ ಅನ್ನಮ್ಮಾ," ಎಂದರು. ಬೀದಿಗೆಲ್ಲ ಬೆಲ್ಲ ಹಂಚಿದ್ದಾಯಿತು. ಸಾಣೆಯವನು ತನ್ನ ಪಾಲಿನ ಬೆಲ್ಲ ಚೀಪುತ್ತ ಯೋಚನೆಗೆ ಬಿದ್ದ.

ಮರುದಿನ ಸಂಕಮ್ಮ ಹಿತ್ತಲಿಂದ ಬಂದು ನೋಡುತ್ತಾಳೆ: ಮಗು ಚಾಪೆಯ ಮೇಲೆ, ತೊಟ್ಟಿಲಲ್ಲಿ ಅಳಿಯ! ಮೀಸೆ ಒಂದು ಕಡೆ, ಕಾಲು ಇನ್ನೊಂದು ಕಡೆ.

"ಅಯ್ಯೋ ಅಳಿಯಂದಿರೇ, ಇಳೀರಿ! ಹಗ್ಗ ಹರಿದೀತು!"

ಅವನು ಬೀಜ ಉಗಿದ. "ಅತ್ತೆ, ನಾನು ನಿನ್ನೆ ಹುಟ್ಟುತ್ತೇನೆ. ನನಗೆ ಬೆಲ್ಲ ಬಾ."

"ಬೆಲ್ಲ ಬೇಕಾ ಕಂದಾ?" ಎಂದುಬಿಟ್ಟಳು ಸಂಕಮ್ಮ. ತೊಟ್ಟಿಲು ಕಂಡರೆ ಬಾಯಿಗೆ ಬರುವ ಮಾತು ಅದೇ. ಆಮೇಲೆ ನಾಲಿಗೆ ಕಚ್ಚಿಕೊಂಡಳು.

ಪಂಚಾಯಿತಿ ಸೇರಿತು. ತೊಟ್ಟಿಲಲ್ಲಿರುವವರ ತಪ್ಪು ತಪ್ಪಲ್ಲ ಎಂಬುದು ಊರಿನ ಹಳೆಯ ಕಟ್ಟಳೆ. ಅದರಲ್ಲಿ ಮೀಸೆಯ ಮಾತೇ ಇರಲಿಲ್ಲ. ಪಂಡಿತರು ಬಹಳ ಹೊತ್ತು ತಲೆ ಕೆರೆದುಕೊಂಡು, "ಆಗಲಿ. ತೊಟ್ಟಿಲಿನ ಹೊರಗೆ ಬಾಯಿ ಬಿಟ್ಟರೆ ಮಾತ್ರ ಹೆಂಡತಿ ಮಕ್ಕಳನ್ನು ಬಿಟ್ಟು ಊರಾಚೆ ಹೋಗತಕ್ಕದ್ದು," ಎಂದರು.

ಅಂದಿನಿಂದ ಸಂಜೆ ಕೆಲಸ ಮುಗಿಸಿ ಅವನು ತೊಟ್ಟಿಲು ಏರುತ್ತಿದ್ದ. ಅವನು ಸೊಟ್ಟಗೆ ಆಡಿದ್ದನ್ನು ಸಂಕಮ್ಮ ನೆಟ್ಟಗೆ ಮಾಡಿ ಉತ್ತರ ಕೊಡುತ್ತಿದ್ದಳು. ಯಾರೂ ಗದರುತ್ತಿರಲಿಲ್ಲ. ಮಗಳು ಬೇಗನೆ ಅವನನ್ನು ಹಿಂದೆ ಹಾಕಿ, "ಹಾಗಲ್ಲಪ್ಪಾ!" ಎಂದು ಕೆನ್ನೆಗೆ ತಟ್ಟುವಷ್ಟಾದಳು. ಅವನ ಮಾತಿನಲ್ಲಿ ಸಾಣೆಕಲ್ಲಿನ ಗರಗರ ಕೊನೆಗೂ ಉಳಿಯಿತು. ಅವಳ ಮಾತಿನಲ್ಲಿ ಅದರ ಸುಳಿವೂ ಇರಲಿಲ್ಲ. ತೊಟ್ಟಿಲಲ್ಲಿ ಅವನು ನಡುನಡುವೆ ಆಡುತ್ತಿದ್ದ ಅಪ್ಪನ ಸೀಮೆಯ ಭಾಷೆಯೂ ಅವಳಿಗೆ ಬಂತು. ಅಜ್ಜಿಯ ಹತ್ತಿರ ಇದು, ಅಪ್ಪನ ಹತ್ತಿರ ಅದು.

ಒಂದು ಸಂಜೆ ಅವನು ಮಗಳಿಗೆ ಕತೆ ಹೇಳುತ್ತಿದ್ದಾಗ ಹಗ್ಗ ಹರಿಯಿತು. ದೊಪ್ಪನೆ ನೆಲಕ್ಕೆ ಬಿದ್ದವನು ಬಿದ್ದಲ್ಲಿಂದಲೇ ಮುಂದುವರಿಸಿದ. ಜಗಲಿಯಲ್ಲಿ ಬೀದಿಯವರೆಲ್ಲ ಕತೆಗೆ ಕಿವಿಗೊಟ್ಟು ಕೂತಿದ್ದರು, ಪಂಡಿತರೂ ಇದ್ದರು. ಅವನು ಕಟ್ಟಳೆ ಮೀರಿದ್ದು ಕತೆ ಮುಗಿಯುವವರೆಗೆ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆದ ಮೇಲೆ ಓಡಿಸಲು ಮುಖವಿರಲಿಲ್ಲ.

ಅವನು ಭಾಷೆ ಕಲಿತ ಗುಟ್ಟು ತೊಟ್ಟಿಲಿನಲ್ಲಿದೆ ಎಂದು ಊರು ತೀರ್ಮಾನಿಸಿತು. ದೊಡ್ಡ ದೊಡ್ಡ ತೊಟ್ಟಿಲು ಮಾಡಿಸಿ ಪಾಠಶಾಲೆ ತೆರೆದರು. ಪಕ್ಕದ ರಾಜ್ಯದ ಭಾಷೆ ಕಲಿಯುವ ಆಸೆ ಪಂಡಿತರಿಗೆ ಮೊದಲಿನಿಂದಲೂ ಇತ್ತು. ಮೊದಲ ತೊಟ್ಟಿಲು ಅವರೇ ಏರಿದರು. ಪಾಠಶಾಲೆಯ ನಿಯಮವನ್ನೂ ಅವರೇ ಮಾಡಿದರು: ತೊಟ್ಟಿಲಲ್ಲಿ ಒಂದು ತಪ್ಪೂ ಇಲ್ಲದೆ ಮಲಗಲು ಬರುವವರೆಗೆ ನಾಲಿಗೆಯ ಕೆಳಗೆ ಹುಣಸೆ ಬೀಜ ಇರತಕ್ಕದ್ದು.

ಸಾಣೆಯವನ ಮಗಳು ಆ ದಾರಿಯಲ್ಲಿ ಹೋಗುವಾಗಲೆಲ್ಲ ಕಿಟಕಿಯಲ್ಲಿ ಇಣುಕುತ್ತಾಳೆ. ಪಂಡಿತರು ಬಾಯಿ ಬಿಗಿದುಕೊಂಡು ನೆಟ್ಟಗೆ ಮಲಗಿರುತ್ತಾರೆ. ಅವಳು ಅಪ್ಪನ ಕೈ ಜಗ್ಗಿ, ಅಪ್ಪನ ಸೀಮೆಯ ಭಾಷೆಯಲ್ಲಿ ಮೆಲ್ಲಗೆ ಕೇಳುತ್ತಾಳೆ:

"ಅಪ್ಪಾ, ಈ ತಾತ ಯಾವಾಗ ಹುಟ್ಟೋದು?"