ಗಡಿಯಾರದಂಗಡಿಯ ಮೆಟ್ಟಿಲು

ಹೊಲಿಗೆ ಮಿಷನ್ ಇಟ್ಟುಕೊಂಡಿದ್ದರಿಂದ ಅವಳಿಗೆ ಮಿಷನ್ನಕ್ಕ ಎಂದೇ ಹೆಸರು. ಒಂದು ಕಾಲಕ್ಕೆ ಅವಳೂ ಬಸ್ ನಿಲ್ದಾಣದಲ್ಲಿ ಗಿರಾಕಿಗಳಿಗೆ ಕಾದು ಹೊಟ್ಟೆ ಹೊರೆದವಳೇ. ಈಗ ರವಿಕೆ ಹೊಲಿಯುತ್ತಾಳೆ. ಜೊತೆಗೆ ಸಂಘದ ಕೆಲಸ. ಅಲ್ಲಿ ನಿಲ್ಲುವ ಹೆಂಗಸರಿಗೆ ಎಚ್‌ಐವಿ ತಗುಲದಿರಲೆಂದು ಕಾಂಡೋಮ್ ಕೊಡುವುದು, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಎಳೆದೊಯ್ಯುವುದು. ಪೊಟ್ಟಣವನ್ನು ಹೊಲಿದ ಬಟ್ಟೆಯ ಮಡಿಕೆಯಲ್ಲಿಟ್ಟು ಕೊಟ್ಟರೆ ಬೀದಿಗೆ ಗೊತ್ತಾಗುತ್ತಿರಲಿಲ್ಲ.

ಮಾರುಕಟ್ಟೆ ಕಡೆ ಇದೇ ಕೆಲಸದ ಇನ್ನೊಂದು ಸಂಘವಿತ್ತು. ಅದರ ಯಜಮಾನಿ ತರಕಾರಿ ಮಾರುವ ದೊಡ್ಡಮ್ಮ. ಇವಳಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ನಮ್ಮವಳನ್ನು ನಿನ್ನ ಪಟ್ಟಿಗೆ ಯಾಕೆ ಸೇರಿಸಿಕೊಂಡೆ ಎಂದು ಸಭೆ ಸಭೆಯಲ್ಲೂ ರಂಪ. ಕೊನೆಗೆ ಎರಡೂ ಸಂಘದವರು ಕೂತು ಗಡಿ ಹಾಕಿದರು: ನಡುವಿನ ಗಡಿಯಾರದಂಗಡಿಯಿಂದ ಈಚೆ, ಬಸ್ ನಿಲ್ದಾಣದ ಕಡೆಯವರು ಮಿಷನ್ನಕ್ಕನಿಗೆ; ಆಚೆ, ಮಾರುಕಟ್ಟೆ ಕಡೆಯವರು ದೊಡ್ಡಮ್ಮನಿಗೆ. ಕೂಡಿ ಕೆಲಸ ಮಾಡುವುದೆಂದರೆ ಇದಪ್ಪಾ ಎಂದು ಚಪ್ಪಾಳೆಯೂ ಬಿತ್ತು. ಅಂಗಡಿಯ ಮೆಟ್ಟಿಲು ಯಾರ ಪಾಲಿಗೆ ಎಂದು ಒಬ್ಬ ಪುಣ್ಯಾತಗಿತ್ತಿಯೂ ಕೇಳಲಿಲ್ಲ.

ಗುಬ್ಬಿ ನಿಲ್ಲುತ್ತಿದ್ದದ್ದು ಆ ಮೆಟ್ಟಿಲ ಮೇಲೇ. ಇಪ್ಪತ್ತೈದು ದಾಟಿದ ಹೆಂಗಸು, ಹಿಡಿಯಷ್ಟು ಮೈ, ಬಾಯಿ ಮಾತ್ರ ಊರಗಲ. "ನೆರಳೂ ಉಂಟು, ಟೈಮೂ ಪುಕ್ಕಟೆ ಗೊತ್ತಾಗುತ್ತೆ" ಎಂದು ನಗುತ್ತಿದ್ದಳು.

ಒಂದು ಮಧ್ಯಾಹ್ನ ರವಿಕೆಯ ತೋಳು ಬಿಡಿಸಿಕೊಳ್ಳಲು ಬಂದವಳು, "ಅಕ್ಕಾ, ನಂಗೂ ಆ ಪೊಟ್ಟಣ ಕೊಡು. ಪರೀಕ್ಷೆಗೂ ಕರ್ಕೊಂಡು ಹೋಗು" ಎಂದಳು.

ಪೊಟ್ಟಣದ ಡಬ್ಬಿ ಮಿಷನ್ನಿನ ಕೆಳಗೆ, ಕಾಲಿಗೆ ತಾಗುವಷ್ಟು ಹತ್ತಿರವೇ ಇತ್ತು. ಆದರೆ ಮಿಷನ್ನಕ್ಕನಿಗೆ ಮತ್ತೆ ದೊಡ್ಡಮ್ಮನ ಬಾಯಿಗೆ ಬೀಳುವುದು ಬೇಡವಾಗಿತ್ತು.

"ನೀನು ಆಚೆ ಕಡೆಯವಳಲ್ವೇನೇ? ದೊಡ್ಡಮ್ಮನ ಹತ್ರ ಹೋಗು."

"ಅವರು ನಿನ್ನ ಹತ್ರ ಹೋಗು ಅಂದ್ರು."

"ಇನ್ನೊಂದ್ಸಲ ಕೇಳು, ಕೊಡ್ತಾರೆ."

ಗುಬ್ಬಿ ಮತ್ತೆ ಬರಲಿಲ್ಲ. ಬರದಿದ್ದಕ್ಕೆ, ದೊಡ್ಡಮ್ಮ ಸೇರಿಸಿಕೊಂಡಳು ಎಂದು ಇವಳು ಅಂದುಕೊಂಡಳು. ದೊಡ್ಡಮ್ಮನನ್ನೇ ಬಾಯಿಬಿಟ್ಟು ಕೇಳಿದ್ದರೆ ಇವಳ ಗಂಟೇನು ಹೋಗುತ್ತಿತ್ತು? ದೊಡ್ಡಮ್ಮನೂ ಇವಳ ಬಗ್ಗೆ ಹಾಗೇ ಅಂದುಕೊಂಡು ಸುಮ್ಮನಿದ್ದಳು.

ಎಂಟು ತಿಂಗಳ ಮೇಲೆ ಎರಡೂ ಸಂಘ ಸೇರಿ, ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಪರೀಕ್ಷೆ ಇಟ್ಟುಕೊಂಡವು. ಬಾಗಿಲಿಗೆ ಸಂಘಕ್ಕೊಂದರಂತೆ ಎರಡು ಸಾಲು. ಗುಬ್ಬಿ ಬಂದಳು. ಈಚೆಯ ಪಟ್ಟಿಯಲ್ಲಿ ಹೆಸರಿಲ್ಲ, ಆಚೆಯದರಲ್ಲೂ ಇಲ್ಲ. ಮಿಷನ್ನಕ್ಕನೂ ದೊಡ್ಡಮ್ಮನೂ ಮುಖ ಮುಖ ನೋಡಿಕೊಂಡರು. ರಕ್ತ ತೆಗೆಯಲು ಬಂದಿದ್ದ ನರ್ಸಮ್ಮ, ಹೆಸರು ಆಮೇಲೆ ನೋಡೋಣ ಎಂದು ಅವಳನ್ನು ಒಳಗೆ ಕರೆದಳು.

ಪರೀಕ್ಷೆ ಮುಗಿಸಿ, ನರ್ಸಮ್ಮನ ಹತ್ತಿರ ಬಹಳ ಹೊತ್ತು ಮಾತಾಡಿ ಹೊರಬಂದ ಗುಬ್ಬಿ ಗೋಡೆಗೊರಗಿ ನಿಂತಳು. "ಬಂದುಬಿಟ್ಟಿದೆಯಂತೆ ಅಕ್ಕಾ."

"ಮಾತ್ರೆ ಇದೆ ಕಣೇ, ತಪ್ಪದೆ ನುಂಗಿದ್ರೆ ಎಲ್ಲರ ಹಾಗೇ ಬಾಳ್ತೀಯ" ಎಂದಳು ದೊಡ್ಡಮ್ಮ. ಸುಳ್ಳಲ್ಲ. ಆ ಮಾತ್ರೆಯ ಅಗತ್ಯವೇ ಬಾರದಂತೆ ನೋಡಿಕೊಳ್ಳಬಹುದಿತ್ತು ಎಂಬುದೂ ಸುಳ್ಳಲ್ಲ. ಮಿಷನ್ನಕ್ಕನಿಗೆ ತನ್ನ ಕಾಲ ಬಳಿಯ ಡಬ್ಬಿ ನೆನಪಾಯಿತು.

ನರ್ಸಮ್ಮ ಬಾಗಿಲಿಗೆ ಬಂದು, "ಮಾತ್ರೆಗೆ ಹೆಸರು ಬರೆಸಬೇಕಮ್ಮ, ನಿನ್ನ ಸಂಘದ ಸಾಲಲ್ಲಿ ನಿಂತ್ಕೊ" ಎಂದಳು.

ಗುಬ್ಬಿ ಎರಡು ಸಾಲನ್ನೂ ನೋಡಿದಳು. ಆಮೇಲೆ ಮಿಷನ್ನಕ್ಕನ ಕಡೆ ತಿರುಗಿದಳು.

"ಈಗ ನಾನು ಯಾವ ಕಡೆಯವಳು ಅಕ್ಕಾ?"

ಹಂಗಿಸಲು ಕೇಳಿದ್ದಲ್ಲ. ಎಲ್ಲಿ ನಿಲ್ಲಬೇಕೆಂದು ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ.